ಡಿಸ್ಕಿಗೆ ಹಾಕಿದ ಬೀಗ

ಶಿಡ್ಲಘಟ್ಟ,
14 ಜುಲೈ 2024, ಭಾನುವಾರ

ಸಿದ್ಧಾರ್ಥ್ ಅವರಿಗೆ,

ಜೈಭೀಮ್ ಎಂದು ಶುರು ಮಾಡಲೋ, ಬೈಗುಳದಿಂದ ಶುರು ಮಾಡಲೋ ತಿಳಿಯದೆ ಎರಡು ಹಾಳೆ ಹರಿದೆ. ಇದು ಮೂರನೆಯದು. ಮದುವೆಯಾದ ಒಂಬತ್ತು ವರ್ಷಕ್ಕೆ ಗಂಡನಿಗೆ ಮೊದಲ ಕಾಗದ ಬರೆಯುತ್ತಿದ್ದೇನೆ, ನಗಬೇಡಿ. ಫೋನಿನಲ್ಲಾದರೆ ನೀವು ಮೇಷ್ಟ್ರ ಗತ್ತಿನಲ್ಲಿ ಸುಮ್ಮನೆ ಕೇಳಿಸಿಕೊಳ್ಳುತ್ತೀರಿ, ನನಗೆ ರೇಗಿಹೋಗುತ್ತದೆ.

ನೀವು ಕೇಳಿದ ಹತ್ತನೇ ತರಗತಿಯ ಅಂಕಪಟ್ಟಿಗಳನ್ನು ಪೆನ್‌ಡ್ರೈವಿಗೆ ಹಾಕಿ ಈ ಕವರಿನಲ್ಲೇ ಇಟ್ಟಿದ್ದೇನೆ. ಲ್ಯಾಪ್‌ಟಾಪನ್ನೇ ಕಳಿಸು ಎಂದಿದ್ದಿರಿ. ಕಳಿಸಿದರೂ ನಿಮಗೆ ಉಪಯೋಗವಿಲ್ಲ. ನಮ್ಮ ಮನೆ ಬಿಟ್ಟು ಇಲ್ಲಿ ರೂಪಕ್ಕನ ಮನೆಗೆ ಬಂದ ಮರುದಿನವೇ ಅದರ ಹಾರ್ಡ್ ಡಿಸ್ಕನ್ನು ಇಡಿಯಾಗಿ ಎನ್‌ಕ್ರಿಪ್ಟ್ ಮಾಡಿಬಿಟ್ಟೆ. ಆನ್ ಮಾಡುವಾಗ ನನ್ನ ಪಾಸ್‌ವರ್ಡ್ ಹಾಕದಿದ್ದರೆ, ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಒಂದಕ್ಷರ ಓದಲಾಗುವುದಿಲ್ಲ.

ಯಾಕೆ ಮಾಡಿದೆ ಎಂದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆಯದಿದ್ದರೆ ಈ ಚಡಪಡಿಕೆ ತಡೆಯಲಾಗದು. ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದ ಹನ್ನೊಂದು ಜೋಡಿಗಳ ವಿಳಾಸ ಅದರಲ್ಲಿದೆ. ಚಿಕ್ಕಬಳ್ಳಾಪುರದ ನಮ್ಮ ನೆರವು ಕೇಂದ್ರವನ್ನು ನಂಬಿ ಕೊಟ್ಟದ್ದು. ಅದರಲ್ಲೊಂದು ನಿಮ್ಮ ಹಳೆಯ ವಿದ್ಯಾರ್ಥಿನಿ ಭಾನುಪ್ರಿಯಾಳದು. ನಮ್ಮ ಕೇರಿಯ ಸುನೀಲನನ್ನು ಮದುವೆಯಾಗಿ ಅಲೀಪುರದ ಒಂದು ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಜೂನ್ ಹನ್ನೆರಡು, ಬುಧವಾರ, ಅವಳ ದೊಡ್ಡಪ್ಪನ ಮಕ್ಕಳು ಎರಡು ಕಾರಿನಲ್ಲಿ ಅಲ್ಲಿಗೇ ಬಂದರು. ಆ ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಹೆಣ್ಣುಮಕ್ಕಳಿರುವ ಮನೆ, ಒಳಗೆ ಕಾಲಿಟ್ಟರೆ ನೋಡಿ ಎಂದು ಗದರಿಸುತ್ತಿದ್ದಾಗ ಇವರಿಬ್ಬರೂ ಹಿತ್ತಲಿನಿಂದ ಓಡಿದರು. ಸ್ವಲ್ಪ ತಡವಾಗಿದ್ದರೂ ಸುನೀಲ್ ಉಳಿಯುತ್ತಿರಲಿಲ್ಲ.

ಅದಕ್ಕೆ ಎರಡು ದಿನ ಮುಂಚೆ ಭಾನುಪ್ರಿಯಾಳ ಅಪ್ಪ ಆವಲಪ್ಪನವರು ನಮ್ಮ ಮನೆಗೆ ಬಂದು ನಿಮ್ಮ ಜೊತೆ ಟೀ ಕುಡಿದು ಹೋಗಿದ್ದರು. ಅವತ್ತೇ ನೀವು ಅಂಕಪಟ್ಟಿ ಮಾಡಲು ಲ್ಯಾಪ್‌ಟಾಪ್ ತೆಗೆದಿದ್ದಿರಿ. ವಿಳಾಸದ ಫೈಲನ್ನು ನಾನು ಮುಚ್ಚಿರಲಿಲ್ಲ. 'ನೋಡ್ದೆ ಕಣೇ, ಹಂಗೇ ಮುಚ್ಚಿಟ್ಟೆ, ಯಾರ್ಗೂ ಹೇಳಿಲ್ಲ' ಎಂದಿರಿ. ನಾನು ನಂಬಲಿಲ್ಲ. ನಿಮ್ಮದು ಮೃದು ಮನಸ್ಸು, ಹೆತ್ತ ಅಪ್ಪ ಅತ್ತರೆ ಕರಗಿ ಬಾಯಿಬಿಟ್ಟಿರುತ್ತೀರಿ ಎಂದು ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುವಷ್ಟು ಕೂಗಾಡಿದೆ. ನೀವು ನಲ್ಲಿಯ ಮುಂದೆ ತಟ್ಟೆ ತೊಳೆಯುತ್ತಾ ನಿಂತಿದ್ದಿರಿ. ಒಂದು ಸಲವಾದರೂ ತಿರುಗಿ ಬೈಯಬಾರದಿತ್ತೇ?

ಆ ಕಾರುಗಳು ಬರುವ ಹಿಂದಿನ ದಿನ, ಮಂಗಳವಾರ, ನಾನೂ ಅಲೀಪುರಕ್ಕೆ ಹೋಗಿ ಬಂದಿದ್ದೆ. ಅವಳಿಗೆ ಕೊಡುವುದೊಂದಿತ್ತು, ಕೊಟ್ಟು ಬಂದೆ. ಅದು ಬೇರೆ ಮಾತು, ಬಿಡಿ.

ಬೀಗದ ಕಥೆ ಕೇಳಿ. ವೆರಾಕ್ರಿಪ್ಟ್ ಎಂಬ ತಂತ್ರಾಂಶ. ಪುಕ್ಕಟೆ ಸಿಗುತ್ತದೆ, ಅದನ್ನು ಹೇಗೆ ಬರೆದಿದ್ದಾರೆಂದು ಬಲ್ಲವರು ತೆರೆದು ನೋಡಲೂಬಹುದು. ಮೊದಲು ಎಲ್ಲದರ ನಕಲು ತೆಗೆದಿಟ್ಟುಕೊಂಡೆ. ಪಾಸ್‌ವರ್ಡ್ ಇಪ್ಪತ್ತು ಅಕ್ಷರವಾದರೂ ಇರಲಿ ಎಂದಿತು. ಮರೆತರೆ ತಂತ್ರಾಂಶ ಬರೆದವರಿಂದಲೂ ಬಿಡಿಸಲಾಗುವುದಿಲ್ಲವಂತೆ. ಆಮೇಲೆ, ಮೌಸನ್ನು ಮನಸ್ಸಿಗೆ ಬಂದ ಹಾಗೆ ಅಲ್ಲಾಡಿಸುತ್ತಿರಿ ಎಂದಿತು. ಯಾರೂ ಊಹಿಸಲಾಗದ ಆ ಓಡಾಟದಿಂದಲೇ ಕೀಲಿ ತಯಾರಾಗುತ್ತದೆ. ಎಷ್ಟಾಯಿತೆಂದು ತೋರಿಸುವ ಪಟ್ಟಿ ಬೇಗ ಹಸಿರಾಯಿತು, ನಾನು ಮಾತ್ರ ನಿಲ್ಲಿಸಲಿಲ್ಲ. 'ಸಾಕು ಬಿಡಮ್ಮ, ಮೌಸ್ ಸವ್ದೋಗುತ್ತೆ' ಎಂದಳು ರೂಪಕ್ಕ.

ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು. ನೂರಕ್ಕೆ ಮೂರು ಭಾಗ, ನಾಲ್ಕು ಭಾಗ ಎಂದು ತೆವಳುತ್ತಿತ್ತು. ಮಧ್ಯೆ ಎರಡು ಸಲ ಕರೆಂಟ್ ಹೋಗಿ ಪಕ್ಕದ ರೇಷ್ಮೆ ರೀಲಿಂಗ್ ಮನೆಯ ಸದ್ದು ನಿಂತಾಗ, ಇದೂ ನಿಂತಿತೇನೋ ಎಂದು ಓಡಿ ಬಂದು ನೋಡಿದೆ. ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಕೂತೆ, ಎದ್ದೆ, ಬಾಗಿಲವರೆಗೆ ಹೋಗಿ ಬಂದೆ, ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಸಂಜೆಗೆ ಮುಗಿಯಿತು. ಆಗ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ ರೀ. ಮುಚ್ಚಿಟ್ಟರೆ ಸಾಲದು, ಪೂರ್ತಿ ಆಫ್ ಮಾಡಿದರೆ ಮಾತ್ರ ಅದು ಕಾಪಾಡುತ್ತದೆ. ಆಫ್ ಆಗಿದೆಯೇ ಎಂದು ದಿನಕ್ಕೆ ಹತ್ತು ಸಲ ಎದ್ದು ಹೋಗಿ ನೋಡುತ್ತೇನೆ.

ಭಾನುಪ್ರಿಯಾ ಮತ್ತು ಸುನೀಲ್ ಈಗ ಬೇರೆ ಊರಿನಲ್ಲಿದ್ದಾರೆ, ಕ್ಷೇಮ. ಅವಳು ಆಗಾಗ ಫೋನ್ ಮಾಡಿ, 'ಅಕ್ಕಾ, ನಿಮ್ಮಿಂದ್ಲೇ ಉಳ್ಕೊಂಡ್ವಿ' ಎನ್ನುತ್ತಾಳೆ. ಆ ಮಾತು ಕೇಳಿದರೆ ನನಗೆ ಊಟ ಸೇರುವುದಿಲ್ಲ.

'ನನ್ನ ನಂಬ್ದಿದ್ರೂ ಪರ್ವಾಗಿಲ್ಲ, ಮನೆಗ್ ಬಾ' ಎಂದು ಮೊನ್ನೆ ಮೆಸೇಜು ಕಳಿಸಿದ್ದೀರಿ. ಅದನ್ನು ಎಷ್ಟು ಸಲ ಓದಿದೆನೋ. ಬರಬೇಕೆಂದು ನನಗೂ ತುಂಬಾ ಆಸೆಯಿದೆ. ಆದರೆ ಯಾವ ಮುಖ ಹೊತ್ತು ಬರಲಿ? ಹೇಳಿದ್ದು ಯಾರೇ ಆಗಲಿ, ಅದನ್ನು ಅಲ್ಲಿಗೇ ಬಿಟ್ಟುಬಿಡೋಣ ಎಂದು ನೀವು ಒಪ್ಪಿದರೆ ಮುಂದಿನ ವಾರ ಬರುತ್ತೇನೆ. ಯೋಚನೆ ಮಾಡಿ ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಕೂಗಾಡಿದರೂ ನಿಮ್ಮವಳೇ ಆದ,
ಅಮೃತ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನೀವು ಯಾರಿಗೂ ಹೇಳಿಲ್ಲ. ನನಗದು ಮೊದಲಿನಿಂದಲೂ ಗೊತ್ತು. ಆ ಮಂಗಳವಾರ ಗೌರಿಬಿದನೂರು ಬಸ್ ಸ್ಟ್ಯಾಂಡಿನಲ್ಲಿ ಆವಲಪ್ಪನವರು ನನ್ನನ್ನು ಹುಡುಕಿಕೊಂಡು ಬಂದರು. ಕೈಯಲ್ಲೊಂದು ಚೀಲ. ಸೀರೆ, ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನ, ಕುಂಕುಮ. 'ಅವ್ರಮ್ಮ ಕಟ್ಟಿ ಕೊಟ್ಟವ್ಳೆ. ಮಡಿಲಕ್ಕಿ ಇಲ್ದಂಗೆ ಹೋಗ್ಬಿಡ್ತಮ್ಮ ನಮ್ ಹುಡ್ಗಿ. ಎಲ್ಲವ್ಳೆ ಅಂತ ಕೇಳಲ್ಲ, ಇದೊಂದು ಮುಟ್ಟಿಸ್ಬಿಡು' ಎಂದು ಅತ್ತರು. ತವರಿನಿಂದ ಬಂದ ಮಡಿಲಕ್ಕಿಯನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಚೀಲ ಹಿಡಿದು ಅವರ ಕಣ್ಣೆದುರೇ ಅಲೀಪುರದ ಬಸ್ ಹತ್ತಿದೆ. ಹಿಂದಿನ ಬಾಗಿಲಿನಿಂದ ಅವರ ಅಣ್ಣನ ಮಗ ಹತ್ತಿದ. ನೋಡಿದೆ. ಬೇರೆ ಯಾರೋ ಇರಬೇಕು ಎಂದುಕೊಂಡು ಮುಖ ತಿರುಗಿಸಿದೆ. ಆ ಮನೆಯ ಬಾಗಿಲವರೆಗೂ ಅವನನ್ನು ಕರೆದುಕೊಂಡು ಹೋದವಳು ನಾನೇ. ಭಾನುಪ್ರಿಯಾಳಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕಿತ್ತು, ಹೇಳಿದ್ದೇನೆ. ಇನ್ನು ನನ್ನನ್ನು ಬಾ ಎನ್ನುವುದೋ ಬೇಡವೋ, ನೀವೇ ಹೇಳಿ.