ಉರಿಯದ ಟೆಸ್ಟರ್

ಮಾರ್ಚ್ ೧೪, ಶನಿವಾರ

ಅಡುಗೆಮನೆಯ ಮುರಿದ ಸ್ವಿಚ್ ಇನ್ನೂ ಜೋತಾಡುತ್ತಿದೆ. ನನ್ನ ಮರ್ಯಾದೆಯೂ ಅದರ ಜೊತೆಗೇ.

ಬೆಳಿಗ್ಗೆ, 'ಅಡುಗೆಮನೆ' ಎಂದು ನಾನೇ ಚೀಟಿ ಅಂಟಿಸಿದ್ದ ಫ್ಯೂಸ್ ಕಿತ್ತು, ಸ್ಟೂಲ್ ಹತ್ತಿ, ತಂತಿಗೆ ಟೆಸ್ಟರ್ ಮುಟ್ಟಿಸಿದೆ. ಉರಿಯಲಿಲ್ಲ. ಕರೆಂಟ್ ಇಲ್ಲವೆಂದು ಘೋಷಿಸಿ ಕೈ ಹಾಕುವಷ್ಟರಲ್ಲಿ ಅತ್ತೆ ಬಂದು ನಿಂತರು. ಮೂವತ್ತು ವರ್ಷ ನರ್ಸ್ ಆಗಿದ್ದವರು.

"ಅಳಿಯಂದಿರೇ, ಟೆಸ್ಟರ್ ಸರಿ ಇದೆಯಾ?"

"ಹನ್ನೆರಡು ವರ್ಷದಿಂದ ಇದೆ ಅತ್ತೆ! ಒಂದು ದಿನಾನೂ ಕೈ ಕೊಟ್ಟಿಲ್ಲ."

"ಬಿಪಿ ಮಿಷನ್ ಏನೂ ತೋರಿಸ್ಲಿಲ್ಲ ಅಂದ್ರೆ ರೋಗಿ ಹೋದ ಅಂತ ಬರೀತೀವಾ? ಮೊದಲು ನಮ್ಮ ಕೈಗೆ ಕಟ್ಟಿ ನೋಡ್ತೀವಿ. ಕರೆಂಟ್ ಇರೋ ಕಡೆ ಇಟ್ಟು ನೋಡಿ."

ಹಾಲ್‌ನಲ್ಲಿ ಟಿವಿ ಓಡುತ್ತಿತ್ತು. ಅದರ ಪಕ್ಕದ ಪ್ಲಗ್ಗಿಗೆ ತೂರಿಸಿದೆ. ಅಲ್ಲೂ ಉರಿಯಲಿಲ್ಲ. ಪೇಂಟ್ ಡಬ್ಬಿಗಳ ಮುಚ್ಚಳ ಎಬ್ಬಿಸಿ ಎಬ್ಬಿಸಿ ಅದು ಯಾವ ಕಾಲದಲ್ಲಿ ಸತ್ತಿತ್ತೋ!

ಹೊಸದು ತಂದೆ. ಟಿವಿ ಪ್ಲಗ್ಗಿನಲ್ಲಿ ಉರಿಯಿತು. ಅಡುಗೆಮನೆಯ ತಂತಿಯಲ್ಲೂ ಉರಿಯಿತು. ನಾನು ಕಿತ್ತಿದ್ದು ಬಚ್ಚಲುಮನೆಯ ಫ್ಯೂಸ್. ಚೀಟಿಯಲ್ಲಿ ಅಕ್ಷರ ಮಾತ್ರ ಎಷ್ಟು ದುಂಡಗಿದೆ!

ಅತ್ತೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಈಗ ಹಾಸಿಗೆಯಲ್ಲಿ ಕೂತು ಇದನ್ನು ಬರೆಯುತ್ತಾ, ತಂತಿ ಮುಟ್ಟಿದ್ದರೆ ಏನಾಗುತ್ತಿತ್ತು ಎಂದುಕೊಂಡು ನನ್ನ ನಾಡಿ ನೋಡಿಕೊಂಡೆ. ಸಿಗಲಿಲ್ಲ. ಬೆರಳು ಸರಿಸಿ ಒತ್ತಿದೆ, ಆಗಲೂ ಇಲ್ಲ. ಆಮೇಲೆ ಅತ್ತೆಯ ಪದ್ಧತಿ ನೆನಪಾಗಿ, ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ಮಣಿಕಟ್ಟು ಹಿಡಿದು ನೋಡಿದೆ.

"ಇದೀನಿ ರೀ," ಎಂದಳು, ಕಣ್ಣು ಬಿಡದೆ. "ಲೈಟ್ ಆರಿಸಿ ಮಲ್ಕೊಳ್ಳಿ."