ಪಾರ್ಲರ್ ಗಿಟಾರ್

ಫೆಬ್ರವರಿ ೯, ಬೆಳಿಗ್ಗೆ

ಹಾಲು ಉಕ್ಕಿತು. ಮತ್ತೆ. ಒಲೆಯ ಪಕ್ಕದಲ್ಲೇ ನಿಂತಿದ್ದೆ, ಕಣ್ಣೂ ಪಾತ್ರೆಯ ಮೇಲೇ ಇತ್ತು. ಗಮನ ಎಲ್ಲಿತ್ತೋ. ಒರೆಸಿದೆ. ಉಳಿದ ಹಾಲಿನಲ್ಲಿ ಅರ್ಧ ಲೋಟ ಕಾಫಿ.

ಉಕ್ಕಿದ್ದಕ್ಕೆ ಕಾರಣ ಆ ರಾಗ. ಅವಳು ಗುನುಗುತ್ತಿದ್ದದ್ದು. ಎದ್ದಾಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದೆ. ಮೊದಲರ್ಧ ಬರುತ್ತದೆ... ಮೆಲ್ಲಗೆ ಮೇಲೆ ಹತ್ತುತ್ತದೆ, ಎತ್ತಿದ ಕಾಲು ಇಡಲು ಮೆಟ್ಟಿಲು ಸಿಗದವನ ಹಾಗೆ ನಿಲ್ಲುತ್ತದೆ. ಆಮೇಲಿನದು ಇಲ್ಲ. ತಡಕಾಡಿದೆ. ಇಲ್ಲ.

ಮುಂದಿನ ಕೋಣೆಯಲ್ಲಿ ಅವಳ ಬ್ಯೂಟಿ ಪಾರ್ಲರ್, ಹಾಲ್‌ನಲ್ಲಿ ನನ್ನ ಕುರ್ಚಿ, ನಡುವೆ ಒಂದು ಬಾಗಿಲು. ಹುಬ್ಬು ತೆಗೆಯುವಾಗ ದಾರದ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡು ಕೈಯಲ್ಲಿ. ಬಾಯಿ ಬಿಡುವ ಹಾಗಿಲ್ಲ. ಹಾಗಾಗಿ ಪದವಿಲ್ಲದ ರಾಗ, ಬರೀ ಮೂಗಿನಲ್ಲಿ. ಗಂಡನಾಗಿ ವರ್ಷಗಟ್ಟಲೆ ಕೇಳಿದ್ದು. ಅದರಲ್ಲೇ ಅರ್ಧ ಹೋಗಿದೆ ಎಂದರೆ ಇನ್ನರ್ಧ ಎಷ್ಟು ದಿನದ ಮಾತು? ಅದೂ ಹೋದ ಮೇಲೆ ಸರದಿ ಯಾವುದರದು — ದನಿಯದೋ, ಮುಖದ್ದೋ?

ಮಿಕ್ಸಿ ಬೇರೆ ಕೆಟ್ಟಿದೆ. ರಿಪೇರಿಗೆ ಕೊಡಬೇಕು.

ಅದೇ ದಿನ, ಸಂಜೆ

ಮಿಕ್ಸಿ ಕೊಡಲು ಹೋದವನು ಗಿಟಾರ್ ತಂದೆ. ಯಾರಿಗಾದರೂ ಹೇಳಿದರೆ ಅರಳು ಮರಳು ಎಂದಾರು. ನಡೆದದ್ದನ್ನು ಬರೆದಿಡುತ್ತೇನೆ.

ರಿಪೇರಿಯವನು ಅರ್ಧ ಗಂಟೆ ಬಿಟ್ಟು ಬನ್ನಿ ಎಂದ. ಪಕ್ಕದ ವಾದ್ಯದಂಗಡಿಯ ಮೆಟ್ಟಿಲಲ್ಲಿ ನೆರಳಿತ್ತು, ನಿಂತೆ. ಹೆಲ್ಮೆಟ್ ಕೈಯಲ್ಲಿ ಹಿಡಿದ ಹುಡುಗಿಯೊಬ್ಬಳು ಬಂದು ಒಳಗೆ ಇಣುಕಿ ಕೇಳಿದಳು: “ಪಾರ್ಲರ್ ಇದ್ಯಾ?”

ನನ್ನ ಬಾಯಿಂದ ತಾನಾಗಿ ಬಂತು. “ಇಲ್ಲಮ್ಮ, ಮುಚ್ಚಿದೆ. ಹೋದ ವರ್ಷದಿಂದ.”

ಅವಳು ತೆರೆದ ಅಂಗಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗಿನಿಂದ ಅಂಗಡಿಯವನು, “ಮುಚ್ಚೇಬಿಟ್ರಲ್ಲ ಸಾರ್! ನಾನಿನ್ನೂ ಬೋಣಿನೇ ಮಾಡಿಲ್ಲ!” ಎಂದು ನಕ್ಕ. ಹುಡುಗಿಯೂ ನಕ್ಕಳು. ನಾನೂ ನಗಬೇಕಾಯಿತು.

ಅವನು ಎರಡು ಗಿಟಾರ್ ಇಳಿಸಿದ. ಹುಡುಗಿ ಒಂದನ್ನು ಕೊಂಡು ಹೋದಳು. ಇನ್ನೊಂದು ಮೇಜಿನ ಮೇಲೆ ಉಳಿಯಿತು.

“ಇದಕ್ಕೇ ಪಾರ್ಲರ್ ಅನ್ನೋದು ಸಾರ್. ಗಿಟಾರ್ ವಂಶದಲ್ಲಿ ಚಿಕ್ಕ ಮೈಯದು.”

“ಹುಬ್ಬು ತೆಗೆಯಲ್ಲ ತಾನೆ?”

“ಇಲ್ಲ ಸಾರ್, ಮೀಟಿದ್ರೆ ನುಡಿಯುತ್ತೆ, ಅಷ್ಟೆ. ತಗೊಳ್ಳಿ, ಕೂರಿಸ್ಕೊಳ್ಳಿ.”

“ನಂಗೆ ಒಂದಕ್ಷರ ಬರಲ್ಲಪ್ಪ.”

“ಹುಟ್ತಾನೇ ಯಾರಿಗ್ ಬರುತ್ತೆ? ಸುಮ್ನೆ ಕೂರಿಸ್ಕೊಳ್ಳಿ ಸಾರ್.”

ಎತ್ತಿಕೊಳ್ಳಿ ಅನ್ನಲಿಲ್ಲ, ಹಿಡ್ಕೊಳ್ಳಿ ಅನ್ನಲಿಲ್ಲ. ಕೂರಿಸಿಕೊಳ್ಳಿ ಎಂದ. ತೊಡೆಯ ಮೇಲೆ ಕೂರಿಸಿಕೊಂಡೆ. ಕೂತಿತು. ನನ್ನ ಹೊಟ್ಟೆಗೂ ಅದರ ಸೊಂಟಕ್ಕೂ ಮೊದಲೇ ಮಾತುಕತೆ ಆಗಿದ್ದ ಹಾಗೆ. ದೊಡ್ಡ ಗಿಟಾರ್ ಒಂದನ್ನೂ ಕೊಟ್ಟು ನೋಡಿದ — ಅದನ್ನು ಅಪ್ಪಿದರೆ ಬೀರು ಸಾಗಿಸುವವನ ಹಾಗೆ ಕಂಡೆ. ಮತ್ತೆ ಇದನ್ನೇ ಕೇಳಿದೆ. ಒಂದು ತಂತಿ ಮೀಟಿದೆ. ಮೀಟಿದ್ದು ನಾನೇ ಎಂದು ನಂಬಿಕೆ ಬರಲಿಲ್ಲ.

ಲವ್ ಅಟ್ ಫಸ್ಟ್ ಸೈಟ್. ಈ ಸೈಟ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ಸ್ಪೆಲಿಂಗ್. ಡಿಗ್ರಿ ಮುಗಿದರೂ ಯಾವುದು ಯಾವುದೆಂದು ತಲೆಗೆ ಹತ್ತಲಿಲ್ಲ. ಒಂದರಲ್ಲಿ ಮನೆ ಕಟ್ಟುತ್ತಾರೆ.

ಮಿಕ್ಸಿ ಅಲ್ಲೇ ಮರೆತು ಬಂದಿದ್ದೇನೆ.

ಫೆಬ್ರವರಿ ೧೦, ಮಧ್ಯಾಹ್ನ

ಹಗಲು ಬೆಳಕಿನಲ್ಲಿ ಸರಿಯಾಗಿ ನೋಡಿದೆ. ಮುಂದಿನ ಹಲಗೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಬೆನ್ನು ಕೆಂಪುಗಂದು, ಎಳೆ ಎಳೆಯಾಗಿ. ಒಂದು ಕಡೆ ಉಗುರಿನಷ್ಟು ಗಂಟು — ಮರಕ್ಕೂ ಮಚ್ಚೆ. ಮೂಗಿಟ್ಟು ಮೂಸಿದೆ: ಹೊಸ ಬೀರುವಿನ ವಾಸನೆ, ಸ್ವಲ್ಪ ಅಂಟು. ತೂಕ ಇಲ್ಲವೇ ಇಲ್ಲ. ಬೆನ್ನಿಗೆ ಬೆರಳಲ್ಲಿ ತಟ್ಟಿದರೆ ಯಾರೋ ಬಾಗಿಲು ತಟ್ಟಿದಂತಾಯಿತು. ನಾನೇ ತಲೆಯೆತ್ತಿ ನೋಡಿದೆ.

ದನಿ ದೊಡ್ಡದಲ್ಲ. ಸಭೆಯಲ್ಲಿ ಮಾತಾಡುವ ದನಿಯಲ್ಲ, ಪಕ್ಕದ ಕೋಣೆಯಲ್ಲಿ ಯಾರೋ ಆಡುವ ಮಾತಿನ ದನಿ.

ತುದಿಯಲ್ಲಿ ಆರು ತಿರುಪು. ಅಂಗಡಿಯವನು ಅದಕ್ಕೆ ಕಿವಿ ಎನ್ನುತ್ತಾನೆ. “ಶ್ರುತಿ ತಪ್ಪಿದ್ರೆ ಕಿವಿ ಹಿಂಡಿ ಸಾರ್, ಆದ್ರೆ ಮೇಷ್ಟ್ರ ಥರ ಹಿಂಡ್ಬೇಡಿ, ತಂತಿ ಕಿತ್ಹೋಗುತ್ತೆ.” ಫೋನಿನಲ್ಲಿ ಶ್ರುತಿ ನೋಡುವ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ನನ್ನ ಮದುವೆಗೆ ಇಂಥದ್ದೊಂದು ಇದ್ದಿದ್ದರೆ!

ರಟ್ಟಿನ ಪೆಟ್ಟಿಗೆಯ ಮೇಲೆ ಬಾಣದ ಗುರುತು, ದಿಸ್ ಸೈಡ್ ಅಪ್. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ತಲೆ ನರೆಯುವವರೆಗೆ ಆ ಬಾಣ ನೋಡಿದವನು ನಾನು, ಹಾಗಾಗಿ ಹೊರಕ್ಕೆಸೆಯಲು ಮನಸ್ಸು ಬರಲಿಲ್ಲ. ಓಣಿಯಲ್ಲಿ ನಮ್ಮಿಬ್ಬರಿಗೆ ಅಡ್ಡಹೆಸರೇ ಇತ್ತು — ಅವಳು ಪಾರ್ಲರ್, ನಾನು ಪಾರ್ಸೆಲ್. “ಹೆಸರಲ್ಲಿ ಒಂದೆರಡಕ್ಷರ ಆಚೀಚೆ, ಅಷ್ಟೆ ಕಣ್ರೀ. ನನ್ನ ಕೈಗೆ ಬಂದವರು ಚೆನ್ನಾಗಾಗಿ ಹೋಗ್ತಾರೆ, ನಿಮ್ಮ ಕೈಗೆ ಬಂದದ್ದು ನಜ್ಜುಗುಜ್ಜಾಗಿ ಹೋಗುತ್ತೆ” ಎನ್ನುತ್ತಿದ್ದಳು.

ಎಲ್ಲಿಡುವುದು? ಹಾಲ್‌ನಲ್ಲಿ ಬಿಸಿಲು, ಅಡುಗೆಮನೆಯಲ್ಲಿ ಎಣ್ಣೆ ಹೊಗೆ. ಮುಂದಿನ ಕೋಣೆಯ ಬೀಗ ತೆಗೆದೆ. ಅವಳು ಹೋದ ಮೇಲೆ ಕಸ ಗುಡಿಸುವುದಕ್ಕೆ ಬಿಟ್ಟರೆ ಅಲ್ಲಿಗೆ ಕಾಲಿಟ್ಟಿಲ್ಲ. ತಿರುಗುವ ಕುರ್ಚಿ, ಗೋಡೆಯಗಲದ ಕನ್ನಡಿ, ಡ್ರಾದಲ್ಲಿ ಬಿಳಿ ದಾರದ ಉಂಡೆಗಳು. ಗಿಟಾರನ್ನು ಕುರ್ಚಿಯಲ್ಲಿ ಕೂರಿಸಿದೆ. ಕನ್ನಡಿಯಲ್ಲಿ ಎರಡಾಯಿತು.

ಪಾರ್ಲರ್ ಪಾರ್ಲರಿನಲ್ಲೇ ಇರಲಿ.

ಫೆಬ್ರವರಿ ೧೩

ನಾದಿನಿ ಬಂದಿದ್ದಳು. ಹೆಂಡತಿಯ ಬೆನ್ನಿಗೆ ಹುಟ್ಟಿದವಳು, ಕೆಲಸವನ್ನೂ ಅಕ್ಕನ ಕೈಕೆಳಗೇ ಕಲಿತವಳು. ಈಗ ದೊಡ್ಡರಸ್ತೆಯ ಯಾವುದೋ ಪಾರ್ಲರಿನಲ್ಲಿ ದಿನವಿಡೀ ನಿಂತು ದುಡಿಯುತ್ತಾಳೆ. ಬಾಗಿಲಲ್ಲೇ ಕೇಳಿಸಿಕೊಂಡಿದ್ದಾಳೆ ನನ್ನ ಟೊಂಯ್ ಟೊಂಯ್.

“ಕೋಣನ ಮುಂದೆ ಕಿನ್ನರಿ ಬಾರಿಸೋದು ಅಂತ ಗಾದೆ ಕೇಳಿದ್ದೆ ಭಾವ. ಕೋಣವೇ ಬಾರಿಸೋದನ್ನ ಇವತ್ತೇ ನೋಡಿದ್ದು.”

“ಬಾ ತಾಯಿ, ನಿನ್ನ ಆಶೀರ್ವಾದ ಒಂದು ಬಾಕಿ ಇತ್ತು.”

ಕುರ್ಚಿಯ ಕೈ ಸವರಿದಳು. ಡ್ರಾ ಎಳೆದು ದಾರದ ಉಂಡೆ ಮುಟ್ಟಿ ಮತ್ತೆ ಮುಚ್ಚಿದಳು. ಆಮೇಲೆ ಹಳೆಯ ವಿಷಯ ತೆಗೆದಳು. ಈ ಕೋಣೆಯಲ್ಲೇ ಅವಳು ಪಾರ್ಲರ್ ಶುರು ಮಾಡಬೇಕು. ಅಕ್ಕನ ಹಳೆಯ ಗಿರಾಕಿಗಳು ಇನ್ನೂ ಕೇಳುತ್ತಾರಂತೆ. ನಾನು ಎಂದಿನಂತೆ ನೋಡೋಣ ಎಂದೆ.

“ನಿಮ್ಮ ‘ನೋಡೋಣ’ಕ್ಕೆ ಮೀಸೆ ಬಂದಾಯ್ತು ಭಾವ. ಅದನ್ನೂ ನಾನೇ ದಾರ ಹಾಕಿ ಕೀಳ್ಬೇಕಾ?”

ನಕ್ಕೆವು. ಹೋದಳು. ಅವಳು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಬೇರೆಯವರ ಗದ್ದಲ ಅಲ್ಲಿ ತುಂಬಿದರೆ ನನ್ನ ಕಿವಿಯಲ್ಲಿ ಉಳಿದಿರುವ ಆ ಅರ್ಧವೂ ಅಳಿಸಿ ಹೋದರೆ... ರಾಗ ಸಿಗಲಿ ಮೊದಲು. ಸಿಕ್ಕ ದಿನವೇ ಕೀಲಿ ಕೊಡುತ್ತೇನೆ.

ಅವಳನ್ನೇ ಕೇಳಬಹುದಿತ್ತು. ಬಾಯಿಯವರೆಗೂ ಬಂತು. ನಿನ್ನ ಅಕ್ಕ ಗುನುಗುತ್ತಿದ್ದದ್ದು ನನಗೆ ಮರೆತಿದೆ ಎಂದು ತಂಗಿಯ ಮುಂದೆ ಹೇಗೆ ಹೇಳುವುದು.

ಫೆಬ್ರವರಿ ೧೯, ಬೆಳಿಗ್ಗೆ

ಉಕ್ಕಿನ ತಂತಿ ನಿಷ್ಕರುಣಿ. ಎಡಗೈ ಬೆರಳ ತುದಿಗಳು ಗೆರೆ ಬಿದ್ದು ಉರಿಯುತ್ತಿವೆ. ಬಿಸಿ ಲೋಟ ಹಿಡಿಯಲಾಗುವುದಿಲ್ಲ. ಅಂಗಡಿಯವನಿಗೆ ಫೋನ್ ಮಾಡಿದರೆ, “ಉರೀಲಿ ಬಿಡಿ ಸಾರ್, ಚರ್ಮ ದಪ್ಪ ಆಗುತ್ತೆ. ಆಮೇಲೆ ಗೊತ್ತಾಗಲ್ಲ” ಎಂದ. ಹಾಗೆ ಹೇಳಿದವರು ಇನ್ನೂ ಬಹಳ ಜನ ಇದ್ದಾರೆ, ಬೇರೆ ವಿಷಯಕ್ಕೆ.

ಆದರೆ — ಸಿಕ್ಕಿತು! ಮೊದಲರ್ಧ ಪೂರ್ತಿ ಸಿಕ್ಕಿತು. ತೆಳುವಾದ ಎರಡು ತಂತಿಯಲ್ಲೇ, ಮೇಲೆ ಕೆಳಗೆ ಹುಡುಕುತ್ತ ಹುಡುಕುತ್ತ. ಈ ಪುಟ್ಟ ಗಿಟಾರಿನಲ್ಲಿ ಅದು ನಿಜಕ್ಕೂ ಮೂಗಿನಲ್ಲಿ ಗುನುಗಿದ ಹಾಗೇ ಕೇಳುತ್ತದೆ. ಕಣ್ಣು ಮುಚ್ಚಿ ನುಡಿಸಿದೆ, ಮತ್ತೆ ಮತ್ತೆ. ಪ್ರತಿ ಸಲವೂ ಅದೇ ಜಾಗದಲ್ಲಿ ಎತ್ತಿದ ಕಾಲು ಹಾಗೇ ಉಳಿಯಿತು.

ಮಗಳಿಗೆ ಫೋನ್ ಮಾಡಿ ನುಡಿಸಿ ತೋರಿಸಿದೆ.

“ಅಪ್ಪಾ... ಅಮ್ಮಂದು.”

“ಮುಂದಿನದು ಹೇಳು ಪುಟ್ಟಿ.”

ಅವಳೂ ಗುನುಗಿದಳು. ಸರಿಯಾಗಿ ಅಲ್ಲಿಗೇ ಬಂದು, “ಆಮೇಲೆ... ತಡಿ... ಆಮೇಲೆ...” ಎಂದಳು. ಅವಳಿಗೂ ಇಲ್ಲ. “ನಾನು ಬರ್ತೀನಿ ಬಿಡಪ್ಪ, ಇಬ್ರೂ ಕೂತು ಹುಡ್ಕೋಣ. ಅಲ್ಲೀವರೆಗೆ ಗಿಟಾರ್ ಮೇಲೆ ಕೂತ್ಕೋಬೇಡ.” ಒಂದು ಸಲ ಅವಳ ಪ್ಲಾಸ್ಟಿಕ್ ವೀಣೆಯ ಮೇಲೆ ಕೂತಿದ್ದೆ. ಅದನ್ನು ಅವಳು ಇನ್ನೂ ಬಿಟ್ಟಿಲ್ಲ.

ಮಾರ್ಚ್ ೧

ಬರೆಯಲು ಏನಿಲ್ಲ. ಮುಂದಿನದನ್ನು ನಾನೇ ಕಟ್ಟಿ ನೋಡಿದೆ, ನಾಲ್ಕಾರು ಬಗೆಯಲ್ಲಿ. ಚೆನ್ನಾಗಿಯೂ ಇತ್ತು. ಅವಳದಲ್ಲ.

ಕಾಲೇಜಿನ ಡಿಕ್ಷನರಿ ಅಟ್ಟದಿಂದ ಇಳಿಸಿ ಪಾರ್ಲರ್ ಎಂದರೇನು ನೋಡಿದೆ. ಫ್ರೆಂಚಿನಿಂದ ಬಂದದ್ದಂತೆ. ಮೂಲದಲ್ಲಿ, ಮಾತಾಡುವ ಕೋಣೆ. ಸರಿ. ಇಲ್ಲಿ ಹುಬ್ಬು ತೆಗೆಸಿಕೊಳ್ಳಲು ಬಂದವರಿಗಿಂತ ಅತ್ತೆಯನ್ನು ಬೈಯಲು ಬಂದವರೇ ಹೆಚ್ಚು. ಬೈದು ಮುಗಿಸಿ ಹಗುರಾಗಿ ಹೋಗುತ್ತಿದ್ದರು.

ಈಗ ಅಲ್ಲಿ ಮಾತಾಡುವುದು ಒಂದು ಗಿಟಾರ್. ಅದೂ ಅರ್ಧ ಮಾತು.

ಮಾರ್ಚ್ ೮, ಮಧ್ಯಾಹ್ನ

ಅಕ್ಷರ ಸೊಟ್ಟ ಬೀಳುತ್ತಿವೆ. ಬರೆಯುತ್ತೇನೆ.

ಮಗಳು ಬೆಳಗಿನ ಬಸ್ಸಿಗೆ ಬಂದಳು. ನಾದಿನಿಗೆ ಇಂದು ರಜೆ, ಅವಳೂ ಬಂದಳು. ಬಂದವಳೇ ಮಗಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, “ಏನೇ ಇದು, ಹುಬ್ಬೋ ಪೊದೆಯೋ? ಒಳಗೆ ಹಕ್ಕಿ ಗೂಡು ಕಟ್ಟಿರ್ಬೇಕು” ಎಂದಳು.

“ಚಿಕ್ಕಮ್ಮ, ನೋವಾಗುತ್ತೆ, ಬೇಡ.”

“ನಿಮ್ಮಮ್ಮನ ಕುರ್ಚಿ ಇದೆ, ನಿಮ್ಮಮ್ಮನ ದಾರ ಇದೆ. ಕೂತ್ಕೋ ಸುಮ್ನೆ.”

ನಾನು ಅಡುಗೆಮನೆಯಲ್ಲಿ ಹಾಲಿಟ್ಟಿದ್ದೆ. ಮುಂದಿನ ಕೋಣೆಯಿಂದ ಕೇಳಿಸಿತು. ಮೂಗಿನಲ್ಲಿ. ಬಾಯಿ ಮುಚ್ಚಿಕೊಂಡು. ಅದೇ. ಹತ್ತುತ್ತ ಹತ್ತುತ್ತ... ಸೌಟು ಹಿಡಿದವನು ಹಾಗೇ ನಿಂತೆ. ಈಗ ಬರುತ್ತದೆ, ಇದೋ ಬಂತು, ಮುಂದಿನದು —

ದಾರದ ಸದ್ದು ನಿಂತಿತು. “ಉರೀತಾ?” ಎಂದಳು ನಾದಿನಿ.

“ಸ್ವಲ್ಪ” ಎಂದಳು ಮಗಳು.

ಮತ್ತೆ ಗುನುಗು. ಮೊದಲಿನಿಂದ! ಮತ್ತೆ ಅಲ್ಲಿಗೇ ಬಂತು, ನಿಂತಿತು. “ಉರೀತಾ?”

ಓಡಿದೆ. “ಅದರ ಮುಂದಿನದು? ಅದರ ಮುಂದೇನು?”

ಇಬ್ಬರೂ ಕನ್ನಡಿಯೊಳಗಿಂದ ನನ್ನನ್ನು ನೋಡಿದರು.

“ಯಾವುದರ ಮುಂದೆ ಭಾವ?”

“ಈಗ ಗುನುಗಿದ್ಯಲ್ಲ. ಅವಳ ರಾಗ. ನಂಗೆ... ನಂಗೆ ಅರ್ಧ ಮರೆತುಹೋಗಿದೆ ಕಣೇ.”

ಹೇಳಿಬಿಟ್ಟೆ. ನಾದಿನಿ ಹಲ್ಲಿನಿಂದ ದಾರ ತೆಗೆದಳು. ತಮಾಷೆ ಮಾಡಲಿಲ್ಲ.

“ಅದಕ್ಕೆ ಮುಂದಿಲ್ಲ ಭಾವ. ಅಷ್ಟೇ ಅದು. ಕೆಲಸ ಹೇಳಿಕೊಡುವಾಗ ಅಕ್ಕನೇ ಕಟ್ಟಿದ್ದು. ಮೊದಮೊದಲು ನಾನು ಒಂದೇ ಸಮ ಎಳೀತಿದ್ದೆ, ಗಿರಾಕಿಗಳ ಕಣ್ಣಲ್ಲಿ ನೀರು. ಆಗ ಹೇಳಿದ್ಲು — ಇಷ್ಟು ಗುನುಗೋ ತನಕ ಎಳಿ, ಆಮೇಲೆ ನಿಲ್ಸು, ದಾರ ಬಿಟ್ಟು ಉರೀತಾ ಅಂತ ಕೇಳು, ಮತ್ತೆ ಮೊದಲಿಂದ ಶುರು ಮಾಡು. ಮನುಷ್ಯರು ತಡ್ಕೊಳ್ಳೋದು ಅಷ್ಟೇ ಹೊತ್ತು ಅಂತ.”

ಮಗಳು ಒಂದು ಹುಬ್ಬು ತಿದ್ದಿದ, ಒಂದು ಹುಬ್ಬು ಪೊದೆಯಾದ ಮುಖದಲ್ಲಿ ಎದ್ದು ಬಂದು ನನ್ನ ತೋಳು ಹಿಡಿದಳು. “ಅಪ್ಪ, ನೀನೇನೂ ಮರೆತಿಲ್ಲ.”

ನಾದಿನಿ ನನ್ನ ಎಡಗೈ ಎಳೆದುಕೊಂಡು ಬೆರಳ ತುದಿಯ ಗೆರೆಗಳನ್ನು ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು.

“ಉರೀತಾ ಭಾವ?”

ಹೂಂ ಎಂದೆ. ಅಷ್ಟರಲ್ಲಿ ಸುಟ್ಟ ವಾಸನೆ. ಹಾಲು ಉಕ್ಕಿ, ಬತ್ತಿ, ತಳ ಹಿಡಿದಿತ್ತು.

ಸಂಜೆ

ಕೀಲಿ ಕೊಟ್ಟೆ. ನಾನಾಗಿಯೇ ಸೊಂಟದಿಂದ ಬಿಚ್ಚಿ ಕೊಟ್ಟೆ. ನಾದಿನಿ ಅದನ್ನು ಮುಷ್ಟಿಯಲ್ಲಿ ಹಿಡಿದು, “ಮೀಸೆ ಹೋಯ್ತು ನೋಡಿ ಭಾವ, ದಾರಾನೇ ಬೇಕಾಗಲಿಲ್ಲ” ಎಂದಳು.

ಗಿಟಾರ್ ಹಾಲ್‌ಗೆ ಬಂತು. ಪೆಟ್ಟಿಗೆಯಲ್ಲಲ್ಲ. ನನ್ನ ಕುರ್ಚಿಯ ಪಕ್ಕದಲ್ಲಿ, ಗೋಡೆಗೊರಗಿ. ಬಿಸಿಲಿಗೆ ಪರದೆ ಎಳೆದೆ.

ಮಾರ್ಚ್ ೨೬, ಬೆಳಿಗ್ಗೆ

ಹಾಲು ಉಕ್ಕಲಿಲ್ಲ. ಮಿಕ್ಸಿಯೂ ಮನೆಗೆ ಬಂದಿದೆ. “ಗಿಟಾರ್ ಹೇಗಿದೆ ಸಾರ್?” ಎಂದ ರಿಪೇರಿಯವನು. ಬೀದಿಗೆಲ್ಲ ಗೊತ್ತಾಗಿದೆ.

ಮುಂದಿನ ಕೋಣೆಯಲ್ಲಿ ಆಗಲೇ ಗದ್ದಲ. ಬಾಗಿಲು ಅರ್ಧ ತೆರೆದಿದೆ. ಮೊದಲ ಗಿರಾಕಿ ನನ್ನವಳ ಕಾಲದವಳೇ, ದನಿಯಿಂದ ಗುರುತು ಹಿಡಿದೆ — ಅತ್ತೆ ತೀರಿಕೊಂಡಿದ್ದಾರಂತೆ, ಈಗ ಸೊಸೆಯನ್ನು ಬೈಯುತ್ತಿದ್ದಾಳೆ. ಪ್ರೆಸೆಂಟ್ ಕಂಟಿನ್ಯುಯಸ್ ಟೆನ್ಸ್. ಮಾತು ನಿಂತಿತು, ದಾರ ಹುಬ್ಬಿಗೆ ತಾಗಿರಬೇಕು. ಗುನುಗು ಶುರುವಾಯಿತು.

ಬೆರಳು ಈಗ ಅಷ್ಟು ಉರಿಯುವುದಿಲ್ಲ. ಗಿಟಾರನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಇಲ್ಲಿಂದ ನಾನು, ಅಲ್ಲಿಂದ ಅವಳ ತಂಗಿ, ಒಟ್ಟಿಗೆ ಹತ್ತಿದೆವು. ಆ ಜಾಗ ಬಂತು. ಇಬ್ಬರೂ ನಿಂತೆವು.

“ಉರೀತಾ?” ಒಳಗಿನಿಂದ.

ಗಿರಾಕಿ ಬಾಯಿ ತೆರೆಯುವ ಮೊದಲೇ ನಾನು, “ಸ್ವಲ್ಪ” ಎಂದುಬಿಟ್ಟೆ. ಒಳಗೆ ನಗುವೋ ನಗು. ಈ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಇಷ್ಟು ಗೀಚುವಷ್ಟರಲ್ಲಿ ನಗು ಇಳಿಯಿತು. ದಾರ ಮತ್ತೆ ಹಲ್ಲಿಗೆ ಹೋಯಿತು. ಮೊದಲಿಂದ ಶುರು. ಪೆನ್ನು ಇಡಬೇಕು, ಎರಡೂ ಕೈ ಬೇಕು, ನಾನೂ ಮೊದಲಿಂ —