ಒಂಬತ್ತು ಹೆಜ್ಜೆ ಮತ್ತು ನನ್ನ ಶೀಘ್ರಲಿಪಿ ಪುಸ್ತಕ

ಮಾನ್ಯರೇ,

ನ್ಯಾಯಾಧೀಶರನ್ನು ಆರಿಸುವ ಮಂಡಳಿಯ ಅಧ್ಯಕ್ಷರಾದ ತಮಗೆ ಸುತ್ತಿಬಳಸದೆ ಹೇಳಿಬಿಡುತ್ತೇನೆ. ಮನೆಗಳಿಗೆ ಬಣ್ಣ ಬಳಿಯುವ ಒಬ್ಬಾತ ಏಳು ವರ್ಷದ ಶಿಕ್ಷೆಯಾಗಿ ಜೈಲಿನಲ್ಲಿದ್ದಾನೆ. ಅವನನ್ನು ಅಲ್ಲಿಗೆ ಕಳಿಸಿದ ವಾಕ್ಯವನ್ನು ಸಾಕ್ಷಿ ಹೇಳಿರಲಿಲ್ಲ. ನ್ಯಾಯಾಧೀಶರು ಹೇಳಿದರು, ನಾನು ಟೈಪ್ ಮಾಡಿದೆ. ಆ ನ್ಯಾಯಾಧೀಶರನ್ನು ನಮಗೆ ಕೊಟ್ಟವರು ತಾವು.

ನಾನು ಕ್ರಿಮಿನಲ್ ಕೋರ್ಟಿನ ಶೀಘ್ರಲಿಪಿಗಾರ್ತಿ. ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ. ನಮ್ಮ ಸಾಹೇಬರು ಅದೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಸರ್ಕಾರಿ ವಕೀಲರಾಗಿದ್ದವರು. ಶುಕ್ರವಾರ ಎಡಗಡೆಯ ಮೇಜಿನ ಮುಂದೆ ನಿಂತು ಒಬ್ಬನಿಗೆ ಶಿಕ್ಷೆ ಕೊಡಿ ಎಂದು ವಾದಿಸಿದರು. ಸೋಮವಾರ ಪೀಠದ ಮೇಲೆ ಕೂತರು. ನಡುವೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ. ಆವತ್ತು ಬಗ್ಗಿ ನನಗೆ ಹೇಳಿದರು: "ನೋಡಮ್ಮ, ಆ ಮೇಜಿಂದ ಈ ಕುರ್ಚಿಗೆ ಬರೀ ಒಂಬತ್ತು ಹೆಜ್ಜೆ. ನಡೆಯೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತು." ನಾವೆಲ್ಲ ನಕ್ಕೆವು. ನಾನಂತೂ ಚಪ್ಪಾಳೆಯನ್ನೇ ತಟ್ಟಿದೆ.

ಅವರು ಕೆಟ್ಟವರಲ್ಲ. ಯಾರ ಮುಲಾಜಿಗೂ ಬೀಳುವವರಲ್ಲ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ನಾಲ್ಕು ಗಂಟೆಗೇ ನನ್ನನ್ನು ಕಳಿಸಿಕೊಡುತ್ತಿದ್ದರು. ಆದ್ದರಿಂದಲೇ ಇದನ್ನು ಬರೆಯಲು ಕೈ ಏಳುತ್ತಿಲ್ಲ.

ಅವರ ಅರ್ಜಿಯನ್ನು ಮೂರು ಪ್ರತಿ ಟೈಪ್ ಮಾಡಿದವಳೂ ನಾನೇ. ಎಷ್ಟು ಮೊಕದ್ದಮೆಗಳಲ್ಲಿ ಶಿಕ್ಷೆ ಕೊಡಿಸಿದ್ದೀರಿ ಎಂದು ತಾವು ಒಂದು ಕಾಲಮ್ಮು ಇಟ್ಟಿದ್ದಿರಿ. ಇವನ ಮೇಲೆ ಪುರಾವೆಯಿಲ್ಲ, ಬಿಟ್ಟುಬಿಡಿ ಎಂದು ಎಷ್ಟು ಸಲ ಎದ್ದು ನಿಂತು ಹೇಳಿದ್ದೀರಿ ಎಂಬ ಕಾಲಮ್ಮು ಇರಲಿಲ್ಲ. ಜಾಗ ಸಾಲಲಿಲ್ಲವೇನೋ! ಶಿಕ್ಷೆ ಕೊಡಿಸುವುದನ್ನೇ ವಿದ್ಯೆಯೆಂದು ಎಣಿಸಿ ಕುರ್ಚಿ ಕೊಟ್ಟ ಮೇಲೆ, ಕೂತವರು ಆ ವಿದ್ಯೆಯನ್ನು ಮರೆಯಬೇಕು ಎಂದರೆ ಹೇಗೆ?

ನಮ್ಮಲ್ಲಿ ಸಾಕ್ಷಿ ಮಾತಾಡಿದ್ದನ್ನು ನ್ಯಾಯಾಧೀಶರು ಕೇಳಿ, ಒಪ್ಪವಾದ ವಾಕ್ಯ ಮಾಡಿ ಹೇಳುತ್ತಾರೆ, ನಾನು ಅದನ್ನು ಟೈಪ್ ಮಾಡುತ್ತೇನೆ. ಉತ್ತರ ಮಾತ್ರ ಕಾಗದಕ್ಕೆ ಬರುತ್ತದೆ. ಪ್ರಶ್ನೆ ಏನಿತ್ತು, ಯಾರು ಕೇಳಿದರು ಎಂಬುದು ಬರುವುದಿಲ್ಲ. ಆದರೆ ನನ್ನ ಕೈಗೆ ಒಂದು ದುರಭ್ಯಾಸ. ಕಿವಿಗೆ ಬಿದ್ದದ್ದೆಲ್ಲ ಶೀಘ್ರಲಿಪಿ ಪುಸ್ತಕಕ್ಕೆ ಇಳಿದುಬಿಡುತ್ತದೆ. ಟೈಪ್ ಮಾಡುವಾಗ ಬೇಡದ್ದನ್ನು ಬಿಡುತ್ತೇನೆ.

ಆ ಬಣ್ಣದವನ ವಿಚಾರಣೆಯ ದಿನ ಸಾಕ್ಷಿ ಕಟಕಟೆಯಲ್ಲಿದ್ದವಳು ಒಬ್ಬ ಹೊಲಿಗೆಯವಳು. ಎದುರಿನ ಅಂಗಡಿಯವನನ್ನು ಸಲಾಕೆಯಿಂದ ಹೊಡೆದು ಯಾರೋ ಓಡಿದ್ದನ್ನು ಕಂಡವಳು. ಈಗಿನ ಸರ್ಕಾರಿ ವಕೀಲ ಹೊಸಬ. ಬಣ್ಣದವನನ್ನು ತೋರಿಸಿ, ಓಡಿದವನು ಇವನೇನಾ ಎಂದು ಕೇಳಿದ. "ಹೀಗೇ ಇದ್ದ ಅನ್ಸುತ್ತೆ ಸಾರ್, ಮುಖ ಸರಿಯಾಗಿ ನೋಡ್ಲಿಲ್ಲ" ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಆ ಹುಡುಗ ವಕೀಲ ಮುಂದೆ ಕೇಳದೆ ಕೂತುಬಿಟ್ಟ. ಸಾಹೇಬರಿಗೆ ತಡೆಯಲಾಗಲಿಲ್ಲ.

"ಏನ್ರೀ, ನಮ್ಮ ಸಾಕ್ಷಿನ ಹೀಗೆ ಕೈಬಿಡ್ತೀರಾ?" ಎಂದು ಅವನನ್ನು ಗದರಿ, ಅವಳತ್ತ ತಿರುಗಿದರು. "ಹೆದರ್ಬೇಡಮ್ಮ. ಸರಿಯಾಗಿ ನೋಡು. ಇವನೇ ಅಲ್ವಾ?"

"ತಾವೇ ಹೇಳ್ತಿದ್ದೀರಲ್ಲ ಸ್ವಾಮಿ, ಇರಬಹುದು."

ಆಮೇಲೆ ನನಗೆ ಹೇಳಿದ ವಾಕ್ಯ: "ಓಡಿಹೋದವನು ಇದೇ ಆರೋಪಿ ಎಂದು ನಾನು ಗುರುತಿಸುತ್ತೇನೆ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ಕಟ್ಟಿದೆ. ಆರೋಪಿಯ ವಕೀಲರು ಎದ್ದು ಆಕ್ಷೇಪಿಸಿದರು. "ಕೂತ್ಕೊಳ್ಳಿ" ಎಂಬ ಉತ್ತರ ಬಂತು. ಅದೂ ಕಾಗದದಲ್ಲಿಲ್ಲ.

ತೀರ್ಪಿನ ನಕಲು ಪಡೆಯಲು ಬಣ್ಣದವನ ಹೆಂಡತಿ ಬಂದಿದ್ದಳು. ನನ್ನ ಮೇಜಿನ ಪಕ್ಕದಲ್ಲೇ ನಿಂತು, ಬೆರಳಿಟ್ಟು ಓದಿ ಕೇಳಿದಳು: "ಅಕ್ಕಾ, ಆವತ್ತು ನಾನೂ ಅಲ್ಲೇ ಕೂತಿದ್ದೆ. ಆಯಮ್ಮ ಇಷ್ಟು ಚೆನ್ನಾಗಿ ಮಾತಾಡ್ಲೇ ಇಲ್ವಲ್ಲ?"

ಅವಳು ಹೋದ ಮೇಲೆ ಆ ದಿನದ ಪುಟ ತೆರೆದು ಓದಿದೆ. ನಾಚಿಕೆಯಾಯಿತು.

ಮರುದಿನ ಸಾಹೇಬರ ಕೊಠಡಿಗೆ ಹೋಗಿ, ಪುಸ್ತಕ ತೆರೆದು ಆ ಪುಟವನ್ನು ಓದಿ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಹೀಗಂದ್ನಾ?" ಎಂದರು. ನಾಟಕವಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ಈಗ ಸಹಿ ಆಗಿಹೋಗಿದೆಯಲ್ಲಮ್ಮ" ಎಂದರು. ನನ್ನನ್ನು ಗದರಿದ್ದರೆ ಎಷ್ಟೋ ವಾಸಿಯಿತ್ತು.

ಮೊದಲ ಕೋಟು ಬಣ್ಣ ಒಣಗದೆ ಎರಡನೆಯದನ್ನು ಹೊಡೆಯಬಾರದು ಎಂದು ಜೈಲಿನಲ್ಲಿರುವ ಆ ಬಣ್ಣದವನಿಗೂ ಗೊತ್ತಿರುತ್ತದೆ. ತಮ್ಮ ಮಂಡಳಿಗೆ ಗೊತ್ತಿರಲಿಲ್ಲವೆ? ಆ ಮೇಜಿನಿಂದ ಎದ್ದವರನ್ನು ನಾಲ್ಕು ವರ್ಷ ಸಿವಿಲ್ ಕೋರ್ಟಿನಲ್ಲಿ ಕೂರಿಸಿ. ಗೋಡೆ, ಗಟಾರದ ಜಗಳ ಕೇಳಲಿ. ಯಾವ ಕಡೆಯೂ ತಮ್ಮದಲ್ಲ ಎನ್ನುವುದು ರೂಢಿಯಾಗಲಿ. ಆಮೇಲೆ ಆ ಒಂಬತ್ತು ಹೆಜ್ಜೆ ನಡೆಸಿ.

ಇದು ಮುಂದೆ ಬರುವ ನ್ಯಾಯಾಧೀಶರ ಮಾತು. ಬಣ್ಣದವನ ಮೇಲ್ಮನವಿಯ ವಿಚಾರಣೆ ಬರುವ ಹದಿನಾಲ್ಕಕ್ಕೆ. ಅಲ್ಲಿ ನೋಡುವುದು ನಾನು ಟೈಪ್ ಮಾಡಿದ ಚೊಕ್ಕ ಕಾಗದವನ್ನು. ಆರು ತಿಂಗಳಿಗೊಮ್ಮೆ ನಮ್ಮ ಶೀಘ್ರಲಿಪಿ ಪುಸ್ತಕಗಳನ್ನು ಕಟ್ಟುಕಟ್ಟಿ ಚೂರು ಮಾಡಲು ಕಳಿಸುತ್ತಾರೆ. ಈ ಸಲದ ಕಟ್ಟು ಹೋಗಿಯಾಯಿತು. ಆ ಒಂದು ಪುಸ್ತಕವನ್ನು ನಾನು ಕೊಟ್ಟಿಲ್ಲ. ಇದು ಶಿಸ್ತುಭಂಗ ಎಂದು ಬಲ್ಲೆ, ನೋಟಿಸು ಕಳಿಸಿ. ಆದರೆ ಅದರ ಜೊತೆಗೆ, ಹದಿನಾಲ್ಕರ ಒಳಗೆ, ಪುಸ್ತಕವನ್ನು ಮೇಲಿನ ಕೋರ್ಟಿನ ಮುಂದಿಡಲು ಏರ್ಪಾಡು ಮಾಡಿ. ನನ್ನ ಬರಹ ನನ್ನ ಹೊರತು ಯಾರಿಗೂ ಓದಲು ಬರುವುದಿಲ್ಲ. ಆದ್ದರಿಂದ ನನ್ನನ್ನೂ ಕರೆಸಿ. ಕಟಕಟೆಯಲ್ಲಿ ನಿಂತು ಓದುತ್ತೇನೆ, ಒಂದು ಮಾತನ್ನೂ ಒಪ್ಪಮಾಡದೆ.

ಇಂತಿ,
ಹತ್ತೊಂಬತ್ತು ವರ್ಷ ಒಂದಕ್ಷರವೂ ತಪ್ಪಿಲ್ಲವೆಂದು ಬೀಗುತ್ತಿದ್ದ
ಆ ಕೋಣೆಯ ಟೈಪಿಸ್ಟಮ್ಮ